ಶಿಲೆಗೆ ಸಂದ ಮನ್ನಣೆ ಕಲಾವಿದೆಗೆ ಸಲ್ಲಲಿಲ್ಲ

ಅಂಗವಿಕಲ ಕಲಾವಿದರನ್ನು ಕುರಿತು ಬರೆಯುವಾಗ ನಮ್ಮವರ ಲೇಖನಿಯಿಂದ ತಪ್ಪದೆ ಹೊರಡುವ ಪದವೊಂದಿದೆ: ‘ಇಲ್ಲದಿದ್ದರೂ’. ಕೈಗಳಿಲ್ಲದಿದ್ದರೂ ಚಿತ್ರ ಬರೆದರು, ಕಣ್ಣಿಲ್ಲದಿದ್ದರೂ ಹಾಡಿದರು. ಹೊಗಳಿಕೆಯಂತೆ ತೋರುವ ಈ ವಾಕ್ಯದಲ್ಲಿ ಕೃತಿಯ ಗುಣವಿಚಾರಕ್ಕೆ ಎಡೆಯೇ ಇಲ್ಲ. ಬರೆದುದೇ ದೊಡ್ಡದಾಯಿತು, ಏನನ್ನು ಬರೆದರು, ಹೇಗೆ ಬರೆದರು ಎಂಬುದು ಯಾರಿಗೂ ಬೇಡವಾಯಿತು. ಒಬ್ಬರ ಕೃತಿಯನ್ನು ವಿಮರ್ಶೆಗೆ ಅನರ್ಹವೆಂದು ತಳ್ಳುವುದಕ್ಕೂ ಅದಕ್ಕೆ ವಿಮರ್ಶೆಯಿಂದ ವಿನಾಯಿತಿ ನೀಡುವುದಕ್ಕೂ ಫಲದಲ್ಲಿ ಭೇದವಿಲ್ಲ. ಈ ದೋಷ ನಮಗೆ ಮಾತ್ರ ಅಂಟಿದ್ದಲ್ಲ. ಇಂಗ್ಲೆಂಡಿನ ಕಲಾವಿದೆ ಅಲಿಸನ್ ಲ್ಯಾಪರ್ ಅವರ ವಿಷಯದಲ್ಲಿ ಲಂಡನ್ ನಗರವೇ ಇದನ್ನು ಎಸಗಿತು.

ಲ್ಯಾಪರ್ ಹುಟ್ಟಿದ್ದು 1965ರಲ್ಲಿ. ಫೋಕೋಮೀಲಿಯಾ ಎಂಬ ಜನ್ಮಸ್ಥಿತಿಯ ಕಾರಣ ಅವರಿಗೆ ತೋಳುಗಳಿಲ್ಲ, ಕಾಲುಗಳು ಗಿಡ್ಡ. ಬಾಲ್ಯ ಕಳೆದದ್ದು ಸಸೆಕ್ಸ್ ಪ್ರಾಂತದ ಚೈಲಿ ಹೆರಿಟೇಜ್ ಎಂಬ ವಸತಿಸಂಸ್ಥೆಯಲ್ಲಿ. ಬಾಲ್ಯದಲ್ಲಿ ತೊಡಿಸಿದ ಕೃತಕ ಅವಯವಗಳು ತನ್ನ ಅನುಕೂಲಕ್ಕಿಂತ ನೋಡುವವರ ಸಮಾಧಾನಕ್ಕಾಗಿ ಇವೆಯೆಂದು ಅರಿತ ಅವರು ಮುಂದೆ ಅವನ್ನು ತೊರೆದರು. ಕುಂಚವನ್ನು ಬಾಯಲ್ಲಿ ಹಿಡಿದು ಚಿತ್ರ ಬರೆಯುವ ಅವರು 1994ರಲ್ಲಿ ಬ್ರೈಟನ್ ವಿಶ್ವವಿದ್ಯಾಲಯದಿಂದ ಲಲಿತಕಲೆಯಲ್ಲಿ ಪ್ರಥಮ ದರ್ಜೆಯ ಪದವಿ ಪಡೆದರು.

ಆದರೆ ಲೋಕ ಅವರನ್ನು ಗುರುತಿಸಿದ್ದು ಅವರ ಕೃತಿಯಿಂದಲ್ಲ, ಮತ್ತೊಬ್ಬರ ಕೃತಿಯಿಂದ. ಶಿಲ್ಪಿ ಮಾರ್ಕ್ ಕ್ವಿನ್, ಗರ್ಭಿಣಿಯಾಗಿದ್ದ ಲ್ಯಾಪರ್ ಅವರ ದೇಹದ ಅಚ್ಚು ತೆಗೆದುಕೊಂಡು, ಇಟಲಿಯ ಕರಾರಾ ಅಮೃತಶಿಲೆಯಲ್ಲಿ ಅವರ ನಗ್ನಪ್ರತಿಮೆಯನ್ನು ಮಾಡಿಸಿದರು. ಎತ್ತರ 3.55 ಮೀಟರ್. 2005ರ ಸೆಪ್ಟೆಂಬರಿನಲ್ಲಿ ಅದನ್ನು ಟ್ರಫಾಲ್ಗರ್ ಚೌಕದ ನಾಲ್ಕನೆಯ ಪೀಠದ ಮೇಲೆ ನಿಲ್ಲಿಸಲಾಯಿತು. ನಾಲ್ಕನೆಯ ವಿಲಿಯಂ ದೊರೆಯ ಅಶ್ವಾರೂಢ ಪ್ರತಿಮೆಗಾಗಿ ಕಟ್ಟಿ, ಹಣ ಸಾಲದೆ ಒಂದೂವರೆ ಶತಮಾನ ಬರಿದಾಗಿ ಬಿಟ್ಟಿದ್ದ ಪೀಠವದು. ಪ್ರತಿಮೆ 2007ರವರೆಗೆ ಅಲ್ಲಿತ್ತು.

ಆಗ ಎದ್ದ ವಾದದಲ್ಲಿ ಎರಡು ಪಕ್ಷಗಳಿದ್ದವು. ಇದು ಸಾರ್ವಜನಿಕ ಚೌಕಕ್ಕೆ ತಕ್ಕ ರೂಪವಲ್ಲ ಎಂದವರು ಒಂದು ಕಡೆ. ಇದು ಧೈರ್ಯದ ಪ್ರತೀಕವೆಂದು ಕೊಂಡಾಡಿದವರು ಇನ್ನೊಂದು ಕಡೆ. ಮೊದಲನೆಯವರಿಗೆ ಉತ್ತರ ಅದೇ ಚೌಕದಲ್ಲಿದೆ. ಅಲ್ಲಿನ ಎತ್ತರದ ಕಂಬದ ಮೇಲೆ ನಿಂತ ನೌಕಾಧಿಪತಿ ನೆಲ್ಸನ್ 1794ರಲ್ಲಿ ಬಲಗಣ್ಣಿನ ದೃಷ್ಟಿಯನ್ನೂ 1797ರಲ್ಲಿ ಬಲಗೈಯನ್ನೂ ಕಳೆದುಕೊಂಡವನು. ಅವನ ಪ್ರತಿಮೆಯಲ್ಲಿ ಬರಿದಾದ ತೋಳಂಗಿ ಕಾಣುತ್ತದೆ. ಅದನ್ನು ವಿಕಲಾಂಗನ ಪ್ರತಿಮೆಯೆಂದು ಯಾರೂ ಆಕ್ಷೇಪಿಸಲಿಲ್ಲ. ಯುದ್ಧದಲ್ಲಿ ಹೋದ ಕೈ ಕೀರ್ತಿಯಾಗಿ, ಹುಟ್ಟಿನಲ್ಲೇ ಇಲ್ಲದ ಕೈ ಲಜ್ಜೆಯಾದರೆ ಆ ಭೇದ ಶಿಲ್ಪಶಾಸ್ತ್ರದ್ದಲ್ಲ, ನೋಡುವವರದು.

ಎರಡನೆಯ ಪಕ್ಷದವರ ತಪ್ಪು ಇದಕ್ಕಿಂತ ಸೂಕ್ಷ್ಮ. ಆದ್ದರಿಂದಲೇ ಹೆಚ್ಚು ಬಾಳಿಕೆಯದು. ಕ್ವಿನ್ ಅವರ ಶಿಲ್ಪ ಹುಟ್ಟುವ ಮೊದಲೇ ಲ್ಯಾಪರ್ ಅದೇ ದೇಹವನ್ನು ತಮ್ಮ ಕಲೆಯ ವಸ್ತುವಾಗಿ ಎತ್ತಿಕೊಂಡಿದ್ದರು. 1820ರಲ್ಲಿ ಮಿಲೋಸ್ ದ್ವೀಪದಲ್ಲಿ ದೊರೆತು ಇಂದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ವೀನಸ್ ಪ್ರತಿಮೆಗೆ ತೋಳುಗಳಿಲ್ಲ. ಆದರೂ ಅದು ಸೌಂದರ್ಯದ ಮಾನದಂಡ. ಆ ಪ್ರತಿಮೆಯಲ್ಲಿ ತಮ್ಮ ದೇಹದ ಹೋಲಿಕೆಯನ್ನು ಕಂಡ ಲ್ಯಾಪರ್, ನೆರಳುಬೆಳಕಿನ ಹದವರಿತ ಛಾಯಾಚಿತ್ರಗಳಲ್ಲಿ ತಮ್ಮನ್ನೇ ಪ್ರತಿಮೆಯಂತೆ ತೋರಿಸಿದರು. ಭಗ್ನಶಿಲೆಯಲ್ಲಿ ಮೆಚ್ಚುವುದನ್ನು ಸಜೀವ ದೇಹದಲ್ಲಿ ಏಕೆ ಸಹಿಸಲಾರಿರಿ ಎಂಬುದು ಆ ಚಿತ್ರಗಳ ಪ್ರಶ್ನೆ. ಚೌಕದ ಅಮೃತಶಿಲೆ ಕೇಳಿದ್ದೂ ಬಹುಮಟ್ಟಿಗೆ ಇದೇ ಪ್ರಶ್ನೆಯನ್ನು. ಎಲ್ಲ ಅವಯವಗಳುಳ್ಳ, ಹೆಸರುವಾಸಿಯಾದ ಪುರುಷ ಶಿಲ್ಪಿ ಕೇಳಿದಾಗ ಅದಕ್ಕೆ ಚೌಕ ದೊರೆಯಿತು. ತನ್ನ ದೇಹದಿಂದಲೇ ಆ ಪ್ರಶ್ನೆಯನ್ನು ಎತ್ತಿದ ಕಲಾವಿದೆಗೆ ‘ಮಾದರಿ’ ಎಂಬ ಬಿರುದು ದೊರೆಯಿತು. 2012ರ ಪ್ಯಾರಾಲಿಂಪಿಕ್ಸ್ ಉದ್ಘಾಟನೆಯಲ್ಲಿ ಮತ್ತೆ ಕಾಣಿಸಿದ್ದು ಆ ಶಿಲ್ಪದ ಗಾಳಿ ತುಂಬಿದ ಬೃಹತ್ ಪ್ರತಿರೂಪವೇ, ಲ್ಯಾಪರ್ ಅವರ ಚಿತ್ರಗಳಲ್ಲ.

ಇಲ್ಲೊಂದು ಪೂರ್ವಪಕ್ಷ ಏಳಬಹುದು. ಲ್ಯಾಪರ್ ಮೊದಲು ಶಿಲ್ಪಿಯ ಉದ್ದೇಶವನ್ನು ಶಂಕಿಸಿದರೂ ಕಡೆಗೆ ಒಪ್ಪಿ ಕುಳಿತರು, ಆ ಶಿಲ್ಪವನ್ನು ಸಮರ್ಥಿಸಿದರು; ಅವರಿಗಿಲ್ಲದ ಅಸಮಾಧಾನ ಇತರರಿಗೇಕೆ? ಅವರ ಸಮ್ಮತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆ ಶಿಲ್ಪ ಲಕ್ಷಾಂತರ ಕಣ್ಣುಗಳಿಗೆ ನೋಡುವ ರೀತಿಯನ್ನು ಕಲಿಸಿತೆಂಬುದನ್ನೂ ಒಪ್ಪುತ್ತೇನೆ. ನನ್ನ ಆಕ್ಷೇಪ ಶಿಲ್ಪದ ಮೇಲಲ್ಲ, ಅದರಾಚೆಗೆ ನೋಡಲೊಲ್ಲದ ಪ್ರೇಕ್ಷಕರ ಮೇಲೆ. ಶಿಲ್ಪವನ್ನು ಬಣ್ಣಿಸುವಾಗ ಅಮೃತಶಿಲೆಯ ನಯ, ಗ್ರೀಕ್ ಪರಂಪರೆ, ಪ್ರಮಾಣಗಳ ಚರ್ಚೆ ನಡೆಯಿತು. ಲ್ಯಾಪರ್ ಅವರ ಚಿತ್ರಗಳ ಮಾತು ಬಂದಾಗ ಛಲ, ಸಾಧನೆ, ಸ್ಫೂರ್ತಿ ಎಂಬ ಮೂರೇ ಪದಗಳು ಸಾಕಾದವು.

ಈ ಅಳತೆಗೋಲನ್ನು ಅಂಗವಿಕಲ ಕಲಾವಿದರೇ ಬಹಳ ಹಿಂದೆ ನಿರಾಕರಿಸಿದ್ದಾರೆ. ಬಾಯಿ ಮತ್ತು ಪಾದಗಳಿಂದ ಚಿತ್ರ ಬರೆಯುವವರ ಅಂತರರಾಷ್ಟ್ರೀಯ ಸಂಘವನ್ನು ಎರಿಕ್ ಸ್ಟೆಗ್ಮನ್ 1956ರಲ್ಲಿ ಸ್ಥಾಪಿಸಿದಾಗ ಅದರ ನಿಲುವು ನಿಚ್ಚಳವಾಗಿತ್ತು: ಚಿತ್ರ ಮಾರಿ ಬದುಕುತ್ತೇವೆ, ದಾನ ಬೇಡ. ಲ್ಯಾಪರ್ ಕೂಡ ಆ ಸಂಘದ ಸದಸ್ಯರಾದವರು. ಹಣದ ದಾನವನ್ನು ಬೇಡವೆಂದವರ ಮೇಲೆ ಅಭಿಪ್ರಾಯದ ದಾನವನ್ನು ಹೇರುವುದು ಯಾವ ನ್ಯಾಯ?

ಆ ಶಿಲ್ಪದಲ್ಲಿ ಗರ್ಭಸ್ಥನಾಗಿದ್ದ ಮಗ ಪ್ಯಾರಿಸ್ 2019ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ತಾಯಿಯ ಮುಂದಿನ ಚಿತ್ರಗಳಿಗೆ ಆ ಅಗಲಿಕೆಯೇ ವಸ್ತುವಾಯಿತು. ಪುತ್ರಶೋಕದ ಚಿತ್ರದ ಮುಂದೆ ನಿಂತು, ಕುಂಚವನ್ನು ಹಿಡಿದದ್ದು ಕೈಯೋ ಬಾಯಿಯೋ ಎಂದು ಮೊದಲು ವಿಚಾರಿಸುವವನನ್ನು ಸಹೃದಯನೆಂದು ಕರೆಯಬಹುದೆ? ಬಣ್ಣ ಹೊಂದಿದೆಯೆ, ರೇಖೆಯಲ್ಲಿ ಹಿಡಿತವಿದೆಯೆ, ಶೋಕ ರಸವಾಗಿದೆಯೆ ಎಂದು ಕೇಳಲಿ. ಇಲ್ಲವೆನಿಸಿದರೆ ಇಲ್ಲವೆಂದು ಬರೆಯಲಿ. ಆ ನಿಷ್ಠುರತೆಯೂ ಗೌರವವೇ. ‘ವಿಕಲಾಂಗ’ ಎಂಬುದನ್ನು ಬಿಟ್ಟು ‘ವಿಶೇಷಚೇತನ’ ಎಂದು ಬರೆದ ಮಾತ್ರಕ್ಕೆ ನಮ್ಮ ದೃಷ್ಟಿ ತಿದ್ದಿಹೋಗುವುದಿಲ್ಲ. ಕಲಾವಿದರನ್ನು ಕುರಿತ ನಮ್ಮ ವಾಕ್ಯಗಳಿಂದ ಆ ‘ಇಲ್ಲದಿದ್ದರೂ’ ಮೊದಲು ತೊಲಗಲಿ.