ಎಸಳು ಒಣಗಿಸುವ ಕೆಲಸ

ಕಳೆದ ಸಂಚಿಕೆಯಲ್ಲಿ ಬಾಲ್ಕನಿಯ ಕರಿಬೇವಿನ ಬಗ್ಗೆ ಬರೆದ ಮೇಲೆ, ಹೂವಿನ ವಿಷಯವೂ ಬರಲಿ ಎಂದು ಕೆಲವರು ಕೇಳಿದ್ದರು. ಇಲ್ಲಿನ ಬಾಡಿಗೆ ಕೋಣೆಯಲ್ಲಿರುವ ನಮಗೆ ಹೂ ಬೆಳೆಸುವುದಕ್ಕಿಂತ ಒಣಗಿಸಿಟ್ಟುಕೊಳ್ಳುವುದೇ ಹೆಚ್ಚು ಉಪಯೋಗದ್ದು. ದಾಸವಾಳ ತಲೆಯ ಎಣ್ಣೆಗೆ, ಗುಲಾಬಿ ಚಹಾಕ್ಕೋ ಪಾಯಸಕ್ಕೋ.

ಮೊದಲು, ಹೂ ಎಲ್ಲಿಯದು ಎಂದು ನೋಡಿ. ಅಂಗಡಿಯ ಉದ್ದ ಕಾಂಡದ ಗುಲಾಬಿಗಳಲ್ಲಿ ಬಹಳಷ್ಟು ಕೆನ್ಯಾ, ಎಥಿಯೋಪಿಯಾ ಕಡೆಯಿಂದ ವಿಮಾನದಲ್ಲಿ ಬರುತ್ತವೆ. ಅಲಂಕಾರಕ್ಕೆಂದೇ ಬೆಳೆದ ಹೂವು ಅದು. ಹೊಡೆದ ಔಷಧಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ಒಣಗಿದಾಗ ಹೋಗುವುದು ನೀರು ಮಾತ್ರ. ಹುಟ್ಟುಹಬ್ಬದ ಬೊಕೆಯಿಂದ ಗುಲ್ಕಂದ್ ಮಾಡಿ ಮಕ್ಕಳಿಗೆ ತಿನ್ನಿಸಬೇಡಿ. ರಸ್ತೆ ಬದಿಯ, ಪಾರ್ಕಿನ ದಾಸವಾಳವೂ ಬೇಡ. ಅದು ನಮ್ಮದಲ್ಲ ಎನ್ನುವುದು ಒಂದು ಮಾತು; ಇಲ್ಲಿನ ನಗರಗಳಲ್ಲಿ ಆ ಗಿಡಗಳಿಗೆ ಹಾಯಿಸುವುದು ಹೆಚ್ಚಾಗಿ ಸಂಸ್ಕರಿಸಿದ ಕೊಳಚೆ ನೀರು ಎನ್ನುವುದು ಇನ್ನೊಂದು. ತಿನ್ನುವುದಕ್ಕೆ ಸ್ವಂತ ಕುಂಡದ ಹೂವೇ ಆಗಬೇಕು. ಇಲ್ಲವೆಂದರೆ ಸೂಕಿನ ಮಸಾಲೆ ಅಂಗಡಿಯಲ್ಲಿ ಚಹಾಕ್ಕೆಂದೇ ಮಾರುವ ಒಣ ಗುಲಾಬಿ ಮೊಗ್ಗು ತನ್ನಿ.

ಕೀಳುವುದು ಬೆಳಿಗ್ಗೆ. ಸೌದಿಯ ತಾಯಿಫ್‌ನಲ್ಲಿ, ಒಮಾನಿನ ಜಬಲ್ ಅಖ್ದರ್‌ನಲ್ಲಿ ಗುಲಾಬಿ ಬೆಳೆಯುವವರು ಬಿಸಿಲೇರುವ ಮೊದಲೇ ಕೊಯ್ದು ಮುಗಿಸುತ್ತಾರೆ. ಬಿಸಿಲು ಬಿದ್ದರೆ ಪರಿಮಳ ಹಾರಿಹೋಗುತ್ತದೆ. ದಾಸವಾಳವಂತೂ ಸಂಜೆಗೆಲ್ಲ ಮುದುಡುವ ಹೂ. ತೊಟ್ಟು, ನಡುವಿನ ಕೇಸರದ ಕಡ್ಡಿ ತೆಗೆದು ಎಸಳು ಮಾತ್ರ ಇಟ್ಟುಕೊಳ್ಳಿ. ನೀರು ಉಳಿಯುವುದು ಆ ದಪ್ಪ ಭಾಗಗಳಲ್ಲೇ.

ಊರಲ್ಲಿ ಅಮ್ಮಂದಿರು ಮೊರದಲ್ಲಿ ಹರಡಿ ಜಗುಲಿಯ ನೆರಳಲ್ಲಿಡುತ್ತಾರೆ. ಇಲ್ಲಿ 45 ಡಿಗ್ರಿಯ ಬಿಸಿಲಿಗೆ ಬಾಲ್ಕನಿಯಲ್ಲಿಟ್ಟರೆ ಬೇಗ ಒಣಗುತ್ತದೆ, ನಿಜ. ಆದರೆ ಕೆಂಪು ಹೋಗಿ ಕಂದಾಗುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕರಾವಳಿಯ ನಗರಗಳಲ್ಲಂತೂ ಹಗಲು ಒಣಗಿದ್ದು ರಾತ್ರಿಯ ತೇವಕ್ಕೆ ಮತ್ತೆ ಮೆತ್ತಗಾಗುತ್ತದೆ. ನಮ್ಮ ಜಗುಲಿ ಎಂದರೆ ಎಸಿ ಕೋಣೆಯೇ. ಎಸಿ ಗಾಳಿಯ ತೇವವನ್ನೂ ಹೀರುತ್ತದಲ್ಲ, ಹೊರಗೆ ಬೀಳುವ ಹನಿ ಅದೇ. ಎಂಟು ಜನರ ಕೋಣೆಯಲ್ಲಿ ಜಾಗವೆಲ್ಲಿ ಎಂದರೆ, ಕಪಾಟಿನ ತಲೆಯ ಮೇಲೆ ಒಂದು ಅಗಲದ ಜರಡಿ ಸಾಕು. ಅದರ ಮೇಲೆ ತೆಳು ಬಿಳಿ ಬಟ್ಟೆ ಹಾಸಿ ಒಂದೇ ಪದರವಾಗಿ ಹರಡಿ. ತಿನ್ನುವ ಹೂವಿಗೆ ಹಳೆ ಪೇಪರ್ ಹಾಸಬೇಡಿ, ಮಸಿ ಹಿಡಿಯುತ್ತದೆ. ದಿನಕ್ಕೊಮ್ಮೆ ಮಗುಚಿ. ಗುಲಾಬಿಗೆ ಮೂರು ನಾಲ್ಕು ದಿನ; ದಾಸವಾಳದಲ್ಲಿ ಲೋಳೆ ಇರುವುದರಿಂದ ಇನ್ನೆರಡು ದಿನ ಹೆಚ್ಚು. ಕೈಯಲ್ಲಿ ಹಿಸುಕಿದರೆ ಹಪ್ಪಳದಂತೆ ಸದ್ದಾಗಬೇಕು. ಚರ್ಮದಂತೆ ಬಗ್ಗಿದರೆ ಇನ್ನೂ ಆಗಿಲ್ಲ.

ಗಾಜಿನ ಬಾಟಲಿಗೆ ಹಾಕಿದ ಮೇಲೂ ಒಂದು ವಾರ ಕಣ್ಣಿಡಿ. ಒಳಗೆ ಮಂಜು ಕಟ್ಟಿದರೆ ತೆಗೆದು ಮತ್ತೆ ಹರಡಿ. ಬೂಸಲು ಕಂಡರೆ ಮಾತ್ರ ಅಷ್ಟನ್ನೇ ಆರಿಸುವ ಜಿಪುಣತನ ಬೇಡ, ಇಡೀ ಬಾಟಲಿ ಚೆಲ್ಲಿ. ಒಲೆಯ ಪಕ್ಕವೂ ಬೇಡ, ಫ್ರಿಜ್ ಕೂಡ ಬೇಡ. ಕತ್ತಲ ಕಪಾಟು ಸರಿ.

ಮಲ್ಲಿಗೆ ಒಣಗಿಸುವ ಆಸೆ ಬಿಟ್ಟುಬಿಡಿ. ಮಂಗಳೂರಿನ ವಿಮಾನದಲ್ಲಿ ಬರುವ ಶಂಕರಪುರ ಮಲ್ಲಿಗೆ ಕೈಗೆ ಸಿಕ್ಕಿದ ದಿನವೇ ಮುಡಿದು ಮುಗಿಸುವಂಥದ್ದು. ಒಣಗಿದರೆ ಕಂದು ಬಣ್ಣ ಉಳಿಯುತ್ತದೆ, ಪರಿಮಳ ಉಳಿಯುವುದಿಲ್ಲ.

ಇನ್ನು ಪ್ರಯಾಣದ ಮಾತು. ರಜೆ ಮುಗಿಸಿ ಬರುವಾಗ ಮನೆಯವರು ದಾಸವಾಳದ ಪುಡಿ, ಆವರಿಕೆ ಹೂವಿನ ಪುಡಿ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಡುತ್ತಾರೆ. ಹೆಸರಿಲ್ಲದ ಪುಡಿ ಏನೆಂದು ಕಸ್ಟಮ್ಸಿನವರಿಗೆ ಹೇಗೆ ಗೊತ್ತಾಗಬೇಕು? ನಮ್ಮ ಅಡುಗೆಮನೆಯ ಗಸಗಸೆಯೇ ಯುಎಇ, ಸೌದಿಯಲ್ಲಿ ನಿಷಿದ್ಧ ಎನ್ನುವುದು ನೆನಪಿರಲಿ. ಪರೀಕ್ಷೆ ಮುಗಿಯುವವರೆಗೆ ಕೂರಿಸಿದರೆ ಹೋಗುವುದು ನಮ್ಮ ಡ್ಯೂಟಿ. ಬೇಕೇಬೇಕಿದ್ದರೆ ಅಂಗಡಿಯ ಸೀಲ್ ಮಾಡಿದ, ಹೆಸರು ಅಚ್ಚಾದ ಪ್ಯಾಕೆಟ್ ಬಿಲ್ ಸಮೇತ ತನ್ನಿ. ಬೇರೆಯವರು ಕೊಟ್ಟ ಹೂವಿನ ಪೊಟ್ಟಣವನ್ನು ಮುಟ್ಟಲೇಬೇಡಿ, ಎಷ್ಟೇ ಪರಿಚಯದವರಾಗಲಿ. ಅಮ್ಮನಿಗೆ ಫೋನಿನಲ್ಲೇ ಹೇಳಿ: ಪುಡಿ ಮಾಡಿ ಕಟ್ಟಬೇಡ, ಇಲ್ಲಿಯೇ ಕುಂಡದಲ್ಲಿ ಹೂ ಬಿಟ್ಟಿದೆ, ಒಣಗಿಸಿದ್ದೇನೆ, ಮಿಕ್ಸಿಯಲ್ಲಿ ಅರ್ಧ ನಿಮಿಷದ ಕೆಲಸ ಅಂತ.