ಅರಸುಮನೆಯ ಜಗಳ ಮತ್ತು ನಗೆಯ ಹಕ್ಕು

ಗಂಗರು ತಮ್ಮನ್ನು ‘ಕುವಲಾಲಪುರವರೇಶ್ವರ’ರೆಂದು ಕರೆದುಕೊಂಡರು. ಆ ಕುವಲಾಲವೇ ಇಂದಿನ ಕೋಲಾರ. ಈ ವಂಶದ ಇಮ್ಮಡಿ ಬೂತುಗನು ತನ್ನ ಸೋದರ ರಾಚಮಲ್ಲನನ್ನು ಕೊಂದು ಗಂಗವಾಡಿಯನ್ನು ಕೈವಶ ಮಾಡಿಕೊಂಡ ಸಂಗತಿ ಕ್ರಿ.ಶ. 949-50ರ ಆತಕೂರು ಶಾಸನದಲ್ಲಿದೆ. ಅದೇ ಶಿಲೆಯಲ್ಲಿ ಕಾಳಿಯೆಂಬ ಬೇಟೆನಾಯಿ ಹಂದಿಯೊಡನೆ ಕಾದಿ ಮಡಿದ ಕಥೆಯೂ ಅದರ ಶಿಲ್ಪವೂ ಇವೆ. ನಾಯಿಯ ಸಾವಿಗೆ ದೊರೆತ ಕರುಣೆ ಅಲ್ಲಿ ಸೋದರನ ಸಾವಿಗೆ ದೊರೆತಿಲ್ಲ. ಅರಮನೆಯೊಳಗಿನ ಕಲಹವು ಶಾಸನಕವಿಯ ಕೈಯಲ್ಲಿ ಪರಾಕ್ರಮದ ಒಂದು ವಿಶೇಷಣವಾಗಿಬಿಡುತ್ತದೆ.

ನಮ್ಮಲ್ಲಿ ಅರಸರನ್ನು ಕುರಿತ ನಗೆ ಇರಲಿಲ್ಲವೆಂದು ಇದರಿಂದ ತೀರ್ಮಾನಿಸಬಾರದು. ಮೂಡಲಪಾಯದ ಆಟಗಳಲ್ಲಿ ಸಾರಥಿಯೋ ಕೋಡಂಗಿಯೋ ರಂಗಕ್ಕೆ ಬಂದ ದೊರೆಯನ್ನೇ ‘ನೀವು ಯಾರು, ಯಾವ ಊರು’ ಎಂದು ಕೆಣಕಿ ನಗಿಸುತ್ತಾನೆ. ಆದರೆ ಆ ನಗೆ ಬೆಳಗಾಗುವುದರೊಳಗೆ ಚದುರಿಹೋಗುತ್ತದೆ. ಕಲ್ಲು ಉಳಿಯಿತು, ಆಟದ ಮಾತು ಉಳಿಯಲಿಲ್ಲ. ನಮ್ಮ ಚರಿತ್ರೆಯ ಆಕರಗಳಲ್ಲಿ ಹೊಗಳಿಕೆಯ ಪಾಲು ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ.

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ನಗೆಯೂ ಉಳಿಯಿತು. ತಾಮ್ರದ ತಗಡಿನಲ್ಲಿ ಕೊರೆದು, ಕಾಗದದ ಮೇಲೆ ಒತ್ತಿ, ಕೈಯಿಂದ ಬಣ್ಣ ತುಂಬಿದ ವಿಡಂಬನಾ ಚಿತ್ರಗಳು ಅಂಗಡಿಗಳ ಗಾಜಿನ ಕಿಟಕಿಗಳಲ್ಲಿ ತೂಗುತ್ತಿದ್ದವು. ಕೊಳ್ಳಲಾರದವರೂ ಬೀದಿಯಲ್ಲಿ ನಿಂತು ನೋಡುತ್ತಿದ್ದರು. ಮೂರನೆಯ ಜಾರ್ಜ್ ದೊರೆಗೂ ಸಾಲದಲ್ಲಿ ಮುಳುಗಿದ್ದ ಅವನ ಹಿರಿಯ ಮಗನಿಗೂ ಇದ್ದ ವೈಮನಸ್ಸು ಈ ಚಿತ್ರಗಳಿಗೆ ಮುಗಿಯದ ವಸ್ತುವಾಯಿತು. ಜೇಮ್ಸ್ ಗಿಲ್ರೇ 1786ರಲ್ಲಿ ರಚಿಸಿದ, ರಾಷ್ಟ್ರದ ಸಾಲ ತೀರಿಸುವ ಹೊಸ ಉಪಾಯವನ್ನು ಕುರಿತ ಚಿತ್ರದಲ್ಲಿ, ದೊರೆ ಮತ್ತು ರಾಣಿ ಜೇಬು ತುಂಬ ಚಿನ್ನ ತುಂಬಿಕೊಂಡು ಖಜಾನೆಯಿಂದ ಹೊರಬರುತ್ತಾರೆ. ಚಿಂದಿಯುಟ್ಟ ಯುವರಾಜ ಒಂದು ಬದಿಯಲ್ಲಿ ನಿಂತಿದ್ದಾನೆ. ಕೈಕಾಲು ಕಳೆದುಕೊಂಡ ಹಳೆಯ ಸೈನಿಕನೊಬ್ಬ ನೆಲದ ಮೇಲೆ ಕುಳಿತಿದ್ದಾನೆ. ಅವನ ಟೋಪಿ ಬರಿದಾಗಿದೆ. 1792ರಲ್ಲಿ ಅವನೇ ಬರೆದ ಜೋಡಿಚಿತ್ರಗಳಲ್ಲಿ ಮಗ ಉಂಡು ಉಬ್ಬಿ ಫೋರ್ಕಿನಿಂದ ಹಲ್ಲು ಚುಚ್ಚಿಕೊಳ್ಳುತ್ತಾನೆ, ತಂದೆ ತೇಪೆಯ ಉಡುಪಿನಲ್ಲಿ ಮೊಟ್ಟೆ ತಿನ್ನುತ್ತಾನೆ.

ನಮ್ಮ ವಿದ್ಯಾರ್ಥಿಗಳು ಇಂಥ ಚಿತ್ರಗಳನ್ನು ಪ್ರಜಾಪ್ರಭುತ್ವದ ಮೊದಲ ಕೂಗುಗಳೆಂದು ಬಣ್ಣಿಸುವುದುಂಟು. ಅಷ್ಟು ಸರಳವಾಗಿ ಒಪ್ಪಲಾಗದು. ಇವು ಮಾರಾಟದ ಸರಕುಗಳು. ಅವುಗಳಂತೆ ಮೌನಕ್ಕೂ ಬೆಲೆಯಿತ್ತು. ಸರ್ಕಾರದ ಪರವಾದವರಿಂದ ಗಿಲ್ರೇ 1797ರಿಂದ ವರ್ಷಾಶನ ಪಡೆದನು. ಅದೇ ಯುವರಾಜ ನಾಲ್ಕನೆಯ ಜಾರ್ಜ್ ಆಗಿ, 1820ರಲ್ಲಿ ತನ್ನ ಪತ್ನಿ ಕ್ಯಾರೋಲಿನಳನ್ನು ತ್ಯಜಿಸಲು ಹೊರಟಾಗ ವಿಡಂಬನೆಯ ಮಳೆಯೇ ಸುರಿಯಿತು. ದೊರೆಯನ್ನು ಅನೈತಿಕ ಸನ್ನಿವೇಶದಲ್ಲಿ ಚಿತ್ರಿಸುವುದಿಲ್ಲವೆಂದು ಒಪ್ಪಿ ಜಾರ್ಜ್ ಕ್ರೂಕ್‌ಶ್ಯಾಂಕ್ 100 ಪೌಂಡ್ ಪಡೆದದ್ದು ಆ ವರ್ಷವೇ. ಆದಕಾರಣ ವಿಡಂಬನೆಯನ್ನು ಓದುವಾಗ ಪ್ರಶಸ್ತಿಯನ್ನು ಓದುವಷ್ಟೇ ಸಂದೇಹ ಬೇಕು. ಎರಡರಲ್ಲಿಯೂ ಹಣ ಕೊಟ್ಟವನು ಯಾರು ಎಂಬ ಪ್ರಶ್ನೆ ಇದ್ದೇ ಇರುತ್ತದೆ.

ಗಿಲ್ರೇಯ ಸೂಜಿ ನಮ್ಮ ನೆಲವನ್ನೂ ಮುಟ್ಟಿದೆ. 1791ರ ಆರಂಭದಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಮುಳಬಾಗಿಲು, ಕೋಲಾರಗಳ ಮಾರ್ಗವಾಗಿ ಬಂದು ಬೆಂಗಳೂರನ್ನು ಹಿಡಿಯಿತು. ಮುಂಗಾರಿನ ವೇಳೆಗೆ ಶ್ರೀರಂಗಪಟ್ಟಣದಿಂದ ಹಿಂದೆಗೆಯಿತು. ಆ ವರ್ಷದ ಡಿಸೆಂಬರಿನಲ್ಲಿ ಗಿಲ್ರೇ ಪ್ರಕಟಿಸಿದ ಚಿತ್ರದಲ್ಲಿ ಕೋಟೆಯ ಮೇಲೆ ನಿಂತ ಟಿಪ್ಪು ಓಡುತ್ತಿರುವ ಕಾರ್ನ್‌ವಾಲಿಸ್‌ನ ಮೇಲೆ ಮೂತ್ರ ವಿಸರ್ಜಿಸುತ್ತಾನೆ. ನಗೆಯ ಗುರಿ ಇಂಗ್ಲಿಷ್ ಸೇನಾಪತಿ. ಟಿಪ್ಪು ಅಲ್ಲಿ ಆ ಹಾಸ್ಯದ ಉಪಕರಣ ಮಾತ್ರ. ದಂಡು ತುಳಿದುಹೋದ ಕೋಲಾರದ ಹೊಲಗದ್ದೆಗಳಿಗೆ ಆ ಚಿತ್ರದಲ್ಲಿ ಎಡೆಯಿಲ್ಲ.

ಇಲ್ಲಿಂದ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂದೇ ಬಗೆಯ ಮನೆಜಗಳಕ್ಕೆ ಎರಡು ನಾಡುಗಳಲ್ಲಿ ಎರಡು ಬಗೆಯ ಫಲವಾಯಿತು. ಲಂಡನ್ನಿನಲ್ಲಿ ತಂದೆ-ಮಗ ಕಚ್ಚಾಡಿದರೆ 1787ರಲ್ಲಿ ಪಾರ್ಲಿಮೆಂಟು ಮಗನ ಸಾಲಕ್ಕೆ ಹಣ ಮಂಜೂರು ಮಾಡಿತು, ಜನ ನಕ್ಕರು, ಸಿಂಹಾಸನ ಇದ್ದಲ್ಲಿಯೇ ಇತ್ತು. ಕ್ಯಾರೋಲಿನಳ ಪ್ರಕರಣ ನಡೆದ 1820ರಲ್ಲಿಯೇ ಕೊಡಗಿನಲ್ಲಿ ಪಟ್ಟಕ್ಕೆ ಬಂದ ಚಿಕವೀರರಾಜೇಂದ್ರನ ಮನೆಯಲ್ಲಿ ಕಲಹ ಹುಟ್ಟಿದಾಗ, ಅವನ ತಂಗಿ ದೇವಮ್ಮಾಜಿ ಮತ್ತು ಭಾವ ಚೆನ್ನಬಸಪ್ಪ 1832ರಲ್ಲಿ ಬ್ರಿಟಿಷರ ಆಶ್ರಯಕ್ಕೆ ಹೋದರು. 1834ರಲ್ಲಿ ಕೊಡಗು ಕಂಪನಿಯ ವಶವಾಯಿತು; ಅದು ಪ್ರಜೆಗಳ ಇಚ್ಛೆಯೆಂದು ಘೋಷಣೆಯೂ ಹೊರಟಿತು. ಪದಚ್ಯುತ ಅರಸ 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು. ಸ್ವಂತ ದೊರೆಯ ಜಗಳಕ್ಕೆ ನಗುವ ಹಕ್ಕು ತನ್ನ ನಾಡು ತನ್ನದೇ ಎಂಬ ಭರವಸೆಯಿದ್ದವರಿಗೆ ಮಾತ್ರ ದೊರೆಯುತ್ತದೆ. ಆ ಭರವಸೆ ಇಲ್ಲದೆಡೆ ಮನೆಜಗಳ ಹೊರಗಿನವನ ಕೈಗೆ ದಸ್ತಾವೇಜಾಗುತ್ತದೆ.

ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿಯವರು 1956ರಲ್ಲಿ ‘ಚಿಕವೀರರಾಜೇಂದ್ರ’ವನ್ನು ಬರೆದಾಗ ಅವರ ಮುಂದೆ ವಿಡಂಬನೆಗೆ ಬೇಕಾದ ಸಾಮಗ್ರಿಯೆಲ್ಲ ಇತ್ತು: ಕುಡುಕ ದೊರೆ, ಕುಂಟ ಮಂತ್ರಿ, ಸೆರೆಯಲ್ಲಿ ತಂಗಿ. ಆದರೂ ಅವರು ನಗಲಿಲ್ಲ. ರಾಣಿ ಗೌರಮ್ಮಾಜಿಯ ಸೈರಣೆಯನ್ನೂ ಬೋಪಣ್ಣನ ಧರ್ಮಸಂಕಟವನ್ನೂ ಮುಂದಿಟ್ಟು, ಕೇಡನ್ನು ಮರೆಮಾಡದೆ, ಒಂದು ಮನೆ ಒಡೆಯುವಾಗ ನಾಡು ಹೇಗೆ ಜಾರುತ್ತದೆ ಎಂಬುದನ್ನು ಕಾಣಿಸಿದರು. ಇದನ್ನು ಕೆಲವರು ಮಾಸ್ತಿಯವರ ರಾಜನಿಷ್ಠೆಯೆಂದು ಟೀಕಿಸುವುದುಂಟು. ನನಗೆ ಅದು ಸೋತ ನಾಡಿನ ಲೇಖಕ ತಾಳಲೇಬೇಕಾದ ಎಚ್ಚರವಾಗಿ ತೋರುತ್ತದೆ. ಗೆದ್ದವನ ದಾಖಲೆ ಈಗಾಗಲೇ ಆ ದೊರೆಯನ್ನು ಸಾಕಷ್ಟು ಕುರೂಪಗೊಳಿಸಿತ್ತು.

ಸಂಶೋಧಕರು ಆತಕೂರಿನ ಕಲ್ಲು, 1786ರ ಚಿತ್ರ ಮತ್ತು ಮಾಸ್ತಿಯವರ ಕಾದಂಬರಿಯನ್ನು ಒಂದೇ ಮೇಜಿನ ಮೇಲಿಟ್ಟು ಓದಬೇಕು. ಪ್ರಶಸ್ತಿ, ವಿಡಂಬನೆ, ಮರುಕ ಇವು ಒಂದೇ ವಸ್ತುವಿನ ಮೂರು ಭಾಷೆಗಳು. ಯಾವುದನ್ನೂ ನೇರ ಸತ್ಯವೆಂದು ಉಲ್ಲೇಖಿಸುವ ಮೊದಲು ಜಗಳದ ವೆಚ್ಚವನ್ನು ಯಾರು ತೆತ್ತರು ಎಂದು ಕೇಳಬೇಕು. ಗಿಲ್ರೇಯ ಚಿತ್ರದಲ್ಲಿ ಆ ಪ್ರಶ್ನೆಗೆ ಉತ್ತರ, ನೆಲದ ಮೇಲೆ ಕುಳಿತ ಸೈನಿಕನ ಬರಿದಾದ ಟೋಪಿಯಲ್ಲಿದೆ.