ಹೆಸರು ನಿಮ್ಮದು, ಕೀಲಿ ಯಾರ ಹತ್ರ?

ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಇಟ್ಟುಕೊಂಡಿರೋ ಪರಿಚಯದವರೊಬ್ಬರ ಸೀರೆ ವೆಬ್‌ಸೈಟು ಹೊಸ ಸರ್ವರ್‌ಗೆ ಹೋಯ್ತು. ವರಮಹಾಲಕ್ಷ್ಮಿ ಹಬ್ಬ ಹತ್ರ ಬೇರೆ. ಅವರ ಫೋನಲ್ಲಿ ಹೊಸ ಪುಟ, ತಂಗಿ ಫೋನಲ್ಲಿ ಹಳೇದೇ. 'ಯಾಕಪ್ಪಾ ಹಿಂಗೆ?' ಅಂದ್ರು.

ಕಾರಣ ಡಿಎನ್ಎಸ್. ಕಂಪ್ಯೂಟರ್‌ಗೆ ಬೇಕಾಗಿರೋದು ಐಪಿ ಅನ್ನೋ ಅಂಕಿಗಳ ವಿಳಾಸ. ಹೆಸರು ನಮ್ಮ ಅನುಕೂಲಕ್ಕೆ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಇದನ್ನ ರೂಪಿಸೋಕೆ ಮುಂಚೆ ಎಲ್ಲ ಹೆಸರೂ ಒಂದೇ ಫೈಲಲ್ಲಿ ಇರ್ತಿದ್ವು! ಈಗ ನೀವು ಹೆಸರು ಟೈಪಿಸಿದ್ರೆ, ರಿಸಾಲ್ವರ್ ಮೊದಲು ರೂಟ್ ಸರ್ವರನ್ನ ಕೇಳುತ್ತೆ. ಅದು '.ಇನ್' ನೋಡಿಕೊಳ್ಳೋ ಸರ್ವರ್ ಕಡೆ ಕೈ ತೋರಿಸುತ್ತೆ, ಅದು ಆ ಸೈಟಿನ ನೇಮ್‌ಸರ್ವರ್ ಕಡೆ. ದೇವನಹಳ್ಳಿ ಬಸ್‌ಸ್ಟ್ಯಾಂಡಲ್ಲಿ ಇಳಿದು ಕೇಳ್ತಾ ಕೇಳ್ತಾ ಮನೆ ಹುಡುಕೋ ಹಾಗೆ.

ಪ್ರತಿ ಸಲ ಕೇಳೋಕಾಗಲ್ಲ, ಅದಕ್ಕೇ ರಿಸಾಲ್ವರ್ ಉತ್ತರವನ್ನ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತೆ. ಎಷ್ಟು ಹೊತ್ತು ಅನ್ನೋದೇ ಟಿಟಿಎಲ್. 86400 ಸೆಕೆಂಡ್ ಅಂದ್ರೆ ಪೂರ್ತಿ ಒಂದು ದಿನ. ತಂಗಿ ನೆಟ್‌ವರ್ಕಿನ ರಿಸಾಲ್ವರ್ ಹಳೇ ಉತ್ತರವನ್ನೇ ಹಿಡ್ಕೊಂಡು ಕೂತಿತ್ತು, ಅಷ್ಟೇ. ಸರ್ವರ್ ಬದಲಿಸೋ ಒಂದೆರಡು ದಿನ ಮೊದಲೇ ಟಿಟಿಎಲ್ 300ಕ್ಕೆ ಇಳಿಸಿ, ಹಳೇ ಸರ್ವರನ್ನ ಇನ್ನೆರಡು ದಿನ ಓಡಿಸಿ. (ಅಂದಹಾಗೆ, ಕನ್ನಡದಲ್ಲೇ '.ಭಾರತ' ಅಂತ ಡೊಮೇನ್ ಸಿಗುತ್ತೆ.)

ನನಗೆ ಚಿಂತೆ ಆಗಿದ್ದು ಬೇರೆ. ಡೊಮೇನ್ ಯಾರ ಹೆಸರಲ್ಲಿದೆ? ರಿನ್ಯೂವಲ್ ನೋಟಿಸ್ ಯಾರ ಇಮೇಲ್‌ಗೆ ಹೋಗುತ್ತೆ? ಅದು ತಪ್ಪಿದ್ರೆ ಸೈಟೂ ಇಲ್ಲ, ಆ ಹೆಸರಿನ ಇಮೇಲೂ ಇಲ್ಲ. ನೋಡಿದ್ರೆ, ಎಲ್ಲಾ ಸೈಟ್ ಮಾಡಿಕೊಟ್ಟ ಹುಡುಗನ ಇಮೇಲಲ್ಲಿದೆ. ಅವನೀಗ ದುಬೈಲಿದ್ದಾನಂತೆ. ನಂಬರ್ ಹುಡುಕ್ತಾ ಇದ್ದೀವಿ.